ಗಜ್ಜರಿ ಎಣ್ಣೆ ಹುಳಿಯಾಯಿತೇಕೆ?

ಪ್ರಶ್ನೆ: ತಲೆಗೆ ಹಚ್ಚಲೆಂದು ಕೊಬ್ಬರಿ ಎಣ್ಣೆಗೆ ಹಸಿ ಗಜ್ಜರಿ ತುರಿ, ಗರುಗದ (ಭೃಂಗರಾಜ) ಸೊಪ್ಪು ಹಾಕಿ ಬಾಟಲಿಯನ್ನು ವಾರವಿಡೀ ಬಿಸಿಲಿಗಿಟ್ಟೆ. ಮೇಲೆ ಬೂಸ್ಟು ಕಟ್ಟಿ ಹುಳಿ ವಾಸನೆ ಬರುತ್ತಿದೆ. ಕಾಯಿಸಿ ಬಳಸಬಹುದೇ?
– ಓದುಗರು, ರಾಯಚೂರು

ಉತ್ತರ: ಬೇಡ, ಚೆಲ್ಲಿಬಿಡಿ. ಕಾಯಿಸಿದರೆ ಬೂಸ್ಟು ಸತ್ತೀತು, ಕೆಟ್ಟ ಎಣ್ಣೆ ಸರಿಹೋಗದು. ಗಜ್ಜರಿಯ ತೂಕದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ. ಆ ನೀರು ಎಣ್ಣೆಯಲ್ಲಿ ಬೆರೆಯದೆ ಉಳಿದು ತುರಿಯನ್ನು ಕೊಳೆಸುತ್ತದೆ. ಮೇಲೆ ರಾಯಚೂರಿನ ಬಿಸಿಲು ಬೇರೆ. ಬೆಳಕು, ಶಾಖ ಎರಡೂ ಎಣ್ಣೆಯನ್ನು ಬೇಗ ಕಮಟಾಗಿಸುತ್ತವೆ.

ಹೀಗೆ ಮಾಡಿ. 100 ಗ್ರಾಂ ಗಜ್ಜರಿ ತುರಿದು, ತೊಳೆದು ಒರೆಸಿದ ಒಂದು ಹಿಡಿ ಗರುಗದ ಸೊಪ್ಪಿನ ಜೊತೆ ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗೆ ಆರೇಳು ತಾಸು ಬಾಡಿಸಿ. ದಪ್ಪ ತಳದ ಬಾಣಲೆಯಲ್ಲಿ 250 ಮಿಲಿ ಕೊಬ್ಬರಿ ಎಣ್ಣೆ, ಒಂದು ಚಮಚ ಮೆಂತ್ಯ, ಬಾಡಿಸಿದ ಎರಡನ್ನೂ ಹಾಕಿ ತೀರಾ ಸಣ್ಣ ಉರಿಯಲ್ಲಿಡಿ. ಗಡಿಯಾರಕ್ಕಿಂತ ಗುಳ್ಳೆ ನೋಡುವುದು ಮೇಲು. ಗುಳ್ಳೆ ಏಳುತ್ತಿದೆ ಎಂದರೆ ಇನ್ನೂ ನೀರಿದೆ. ಗುಳ್ಳೆ ನಿಂತು, ತುರಿಯನ್ನು ಮುರಿದರೆ ಪಟ್ಟೆನ್ನುವಾಗ ಇಳಿಸಿ. ತುರಿ ಕಂದಿದರೆ ಎಣ್ಣೆಗೆ ಸುಟ್ಟ ವಾಸನೆ, ಕೇಸರಿ ಬಣ್ಣವೂ ಹೋಯಿತು. ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಹಾಗೇ ಇಟ್ಟು, ತಳದ ಗಸಿ ಬಿಟ್ಟು ಮೇಲಿನದನ್ನಷ್ಟೇ ಒಣ ಗಾಜಿನ ಬಾಟಲಿಗೆ ಬಗ್ಗಿಸಿ ಕತ್ತಲಲ್ಲಿಡಿ. ಒಂದು ತಿಂಗಳಿಗಾಗುವಷ್ಟು ಮಾತ್ರ ಮಾಡಿಕೊಳ್ಳಿ. ಒಣಗಿದ ನೆತ್ತಿಗೆ ಹಿತ. ಉದುರಿದ ಕೂದಲು ಮರಳಿ ಬರುತ್ತದೆಂದು ನಂಬಿ ಹಚ್ಚಬೇಡಿ. ದಿಂಬಿನ ಬಟ್ಟೆಗಂತೂ ಕಲೆ ಖಂಡಿತ.

ಪ್ರಶ್ನೆ: ಗಜ್ಜರಿ ಉಪ್ಪಿನಕಾಯಿ ನೀರು ಬಿಟ್ಟಿತು, ಕಹಿಯೂ ಆಯಿತು.
– ಓದುಗರು, ಗಂಗಾವತಿ

ಉತ್ತರ: ನೀರಿಗೆ ಕಾರಣ ಮೇಲಿನದೇ. ಅರ್ಧ ಕಿಲೋ ಹೋಳಿಗೆ 50 ಗ್ರಾಂ ಉಪ್ಪು ಬೆರೆಸಿ ಎರಡು ತಾಸು ಬಿಡಿ, ಬಿಟ್ಟ ನೀರು ಬಸಿದು ಹೋಳನ್ನು ನೆರಳಲ್ಲಿ ಒಂದು ದಿನ ಆರಿಸಿ. ಕಹಿ ಬಂದದ್ದು ಮೆಂತ್ಯ ಕರಕಾಗಿರಬೇಕು, ಇಲ್ಲವೇ ಕುದಿವ ಎಣ್ಣೆಯನ್ನು ಸಾಸಿವೆ ಪುಡಿಯ ಮೇಲೆ ಸುರಿದಿರಬೇಕು. ಅರ್ಧ ಚಮಚ ಮೆಂತ್ಯ ಕೆಂಪಗಾದರೆ ಸಾಕು. ಎರಡು ದೊಡ್ಡ ಚಮಚ ಸಾಸಿವೆ ಪುಡಿ, ಒಂದು ಚಮಚ ಅರಿಶಿನ, ಅರ್ಧ ಚಮಚ ಓಂಕಾಳು, ರುಚಿಗೆ ಖಾರದ ಪುಡಿ, ಆರು ನಿಂಬೆಯ ರಸ ಬೆರೆಸಿ. 100 ಮಿಲಿ ಕುಸುಬೆ ಎಣ್ಣೆ ಕಾಯಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಬಸಿದ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ, ರುಚಿ ನೋಡಿ ಸೇರಿಸಿ. ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ.

ಪ್ರಶ್ನೆ: ದಿನವೂ ಗಜ್ಜರಿ ರಸ ಕುಡಿಯುವ ಮಗನ ಅಂಗೈ ಹಳದಿಯಾಗಿದೆ. ಕಾಮಾಲೆಯೇ?
– ಓದುಗರು, ಸಿರುಗುಪ್ಪ

ಉತ್ತರ: ಕಣ್ಣಿನ ಬಿಳಿಭಾಗ ನೋಡಿ. ಅದೂ ಹಳದಿ ಇದ್ದರೆ ಇಂದೇ ವೈದ್ಯರಿಗೆ ತೋರಿಸಿ. ಬೆಳ್ಳಗಿದ್ದರೆ ಬಹುಮಟ್ಟಿಗೆ ಗಜ್ಜರಿಯ ಬಣ್ಣವೇ. ರಸ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮುಂದೆ ರಸದ ಬದಲು ವಾರಕ್ಕೆ ಎರಡು ಮೂರು ಸಲ ಮೆಂತ್ಯ ಸೊಪ್ಪು ಹಾಕಿದ ಗಜ್ಜರಿ ಪಲ್ಯ ಕೊಡಿ. ಒಗ್ಗರಣೆಯ ಎಣ್ಣೆ ಇರಲಿ. ಗಜ್ಜರಿಯ ಸತ್ವ ಮೈಗೆ ಹತ್ತಲು ಜಿಡ್ಡು ಬೇಕು.