ರಿಪೋರ್ಟ್ ನಾರ್ಮಲ್ ಬಂದಿದೆ, ಗುಳಿಗೆ ಬಿಡಲೇ?

ಪತ್ರ: ನನಗೆ 34 ವರ್ಷ. ಎರಡನೇ ಹೆರಿಗೆಯಾದ ಆರು ತಿಂಗಳಿಗೆ ಥೈರಾಯ್ಡ್ ಇದೆ ಎಂದು 50ರ ಗುಳಿಗೆ ಶುರು ಮಾಡಿದರು. ಮಗಳಿಗೆ ಈಗ ಮೂರು ವರ್ಷ. ಹೋದ ತಿಂಗಳು ಟಿಎಸ್‌ಎಚ್ 2.1 ಬಂತು. ನಾರ್ಮಲ್ ಇದೆಯಲ್ಲ ಎಂದು ಗುಳಿಗೆ ಬಿಟ್ಟು ಹತ್ತು ದಿನವಾಯಿತು, ಏನೂ ಆಗಿಲ್ಲ. ಸಜ್ಜೆ ರೊಟ್ಟಿ, ಎಲೆಕೋಸು ಬಿಟ್ಟರೆ ಸಾಕು ಅಂತಾರೆ ಓಣಿಯವರು. ಬೆಳಗ್ಗೆ ಮಂಡಾಳ ಒಗ್ಗರಣೆಯನ್ನೂ ಬಿಡಬೇಕಾ?
– ಓದುಗರೊಬ್ಬರು, ಗಂಗಾವತಿ

ಸಂಪಾದಕರ ಉತ್ತರ:

ನಮಸ್ಕಾರ ತಂಗಿ. "ಹತ್ತು ದಿನ, ಏನೂ ಆಗಿಲ್ಲ" ಎಂದು ಓದಿದಾಗ ಸಿಂಧನೂರಿನ ನಮ್ಮ ಅಕ್ಕ ನೆನಪಾದಳು. ಅವಳೂ ಹೀಗೇ ಹೇಳಿದ್ದಳು. ಈ ಗುಳಿಗೆಯಲ್ಲಿರುವುದು ಲಿವೋಥೈರಾಕ್ಸಿನ್, ಅಂದರೆ ಥೈರಾಯ್ಡ್ ಗ್ರಂಥಿ ಕೊಡಬೇಕಾದ ಹಾರ್ಮೋನ್. ನುಂಗುವುದು ನಿಲ್ಲಿಸಿದರೂ ಅದು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಅಂದರೆ ನೀವಿನ್ನೂ ಹಳೇ ಗುಳಿಗೆಯ ಬಲದಲ್ಲೇ ಓಡಾಡುತ್ತಿದ್ದೀರಿ. ಅಕ್ಕನಿಗೂ ಮೊದಲ ತಿಂಗಳು ಹಾಯಾಗಿತ್ತು. ಎರಡನೇ ತಿಂಗಳು ಮುಖ ಬಾತಿತು, ದನಿ ಗಡಸಾಯಿತು. ಏಪ್ರಿಲ್ ಬಿಸಿಲಲ್ಲಿ ನಾವೆಲ್ಲ ಕೂಲರ್ ಮುಂದಿನ ಜಾಗಕ್ಕೆ ಜಗಳಾಡುತ್ತಿದ್ದರೆ, ಅವಳು ಚಾದರ ಹೊದ್ದು "ಫ್ಯಾನ್ ಆರಿಸ್ರೋ" ಅನ್ನುತ್ತಿದ್ದಳು. ನಾವು ನಕ್ಕೆವು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 60 ದಾಟಿತ್ತು. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಷ್ಟೂ ಈ ಅಂಕಿ ಏರುತ್ತದೆ.

ನಿಮ್ಮ 2.1 ಬಂದಿದ್ದು ಗುಳಿಗೆ ನುಂಗುತ್ತಿದ್ದಾಗ, ಅಲ್ವಾ? ಡೋಸ್ ಸರಿಯಾಗಿದೆ ಎಂದಷ್ಟೇ ಅದರ ಅರ್ಥ. ಗುಳಿಗೆ ಇಲ್ಲದೆ ನಿಮ್ಮ ಗ್ರಂಥಿ ಎಷ್ಟು ದುಡಿಯುತ್ತದೆ ಎಂಬುದು ಆ ಕಾಗದದಲ್ಲಿಲ್ಲ. ಪಂಪ್‌ಸೆಟ್ ನೀರಿಗೆ ಗದ್ದೆ ತುಂಬಿದ್ದು ನೋಡಿ ಕಾಲುವೆಗೆ ನೀರು ಬಂತು ಅಂದ ಹಾಗಾಗುತ್ತದೆ.

ಹಾಗಂತ ನಿಮ್ಮ ಪ್ರಶ್ನೆ ತಪ್ಪಲ್ಲ. ಒಮ್ಮೆ ಶುರುವಾದರೆ ಸಾಯೋತನಕ ಎಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಹೆರಿಗೆಯಾದ ವರ್ಷದೊಳಗೆ ಕೆಲವರಿಗೆ ಗ್ರಂಥಿಯಲ್ಲಿ ಉರಿಯೂತವಾಗಿ ಅದರ ಕೆಲಸ ಕುಗ್ಗುತ್ತದೆ. ಬಹಳ ಮಂದಿಗೆ ವರ್ಷ, ಒಂದೂವರೆ ವರ್ಷದಲ್ಲಿ ತಾನಾಗೇ ಸರಿಹೋಗುತ್ತದೆ. ಗುಳಿಗೆ ಮಾತ್ರ ಮುಂದುವರಿಯುತ್ತದೆ, ಯಾಕೆಂದರೆ ಯಾರೂ ಮತ್ತೆ ಕೇಳಿರುವುದಿಲ್ಲ!

ಅದಕ್ಕೇ ನಿಮ್ಮ ಮೊಟ್ಟಮೊದಲ ರಿಪೋರ್ಟ್ ಹುಡುಕಿ. ಸೀರೆ ಟ್ರಂಕಿನ ತಳದಲ್ಲಿ ಹೆರಿಗೆ ಫೈಲ್ ಇರಬೇಕು. ಆಗ ಟಿಎಸ್‌ಎಚ್ ಎಷ್ಟಿತ್ತು? ಏಳೆಂಟು ಇದ್ದು, ಗ್ರಂಥಿಯ ಹಾರ್ಮೋನ್ ಆದ ಟಿ4 ಸರಿಯಿದ್ದರೆ ಎಷ್ಟೋ ಸಲ ಗುಳಿಗೆ ಕೊಡದೆ ಕಾದು ನೋಡುತ್ತಾರೆ. 10 ದಾಟಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆಂಟಿ ಟಿಪಿಒ ಎಂಬ ಪರೀಕ್ಷೆ ಮಾಡಿದ್ದಾರಾ ನೋಡಿ. ಅಕ್ಕನಿಗೆ ಅದು ಪಾಸಿಟಿವ್ ಇತ್ತು. ಹಾಶಿಮೊಟೊ ಎನ್ನುತ್ತಾರೆ, ಮೈಯ ರಕ್ಷಣಾ ಪಡೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ. ಅವಳಿಗೆ ಗುಳಿಗೆ ತಪ್ಪದು. ನಿಮ್ಮ ಕಥೆ ಬೇರೆ ಇರಬಹುದು.

ಫೈಲ್ ಹಿಡಿದು ನಿಮ್ಮ ಡಾಕ್ಟರ ಬಳಿ ಹೋಗಿ. ಇಲ್ಲವೇ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. "ಡೋಸ್ ಇಳಿಸಿ ನೋಡಬಹುದಾ?" ಎಂದು ನೇರವಾಗಿ ಕೇಳಿ. ಒಪ್ಪಿದರೆ ಇಳಿಸಿ, 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡುತ್ತಾರೆ. ಅದಕ್ಕಿಂತ ಮೊದಲೇ ಮಾಡಿಸಿದರೆ ದುಡ್ಡು ದಂಡ. ಅಲ್ಲಿಯವರೆಗೆ ಗುಳಿಗೆ ಮತ್ತೆ ಶುರು ಮಾಡಿ ಎಂಬುದು ನನ್ನ ಮಾತು. ಮೂರನೇ ಮಗುವಿನ ಯೋಚನೆಯಿದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಿ, ಬಸುರಿಯಲ್ಲಿ ಈ ಹಾರ್ಮೋನ್ ಜಾಸ್ತಿ ಬೇಕಾಗುತ್ತದೆ. ಕೂದಲಿಗೆಂದು ಬಯೋಟಿನ್ ಗುಳಿಗೆ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ಅಂಕಿಗಳನ್ನೇ ಏರುಪೇರು ಮಾಡುತ್ತದೆ.

ಸಜ್ಜೆ, ಎಲೆಕೋಸಿನ ಮಾತಿಗೆ ಬುಡವೇ ಇಲ್ಲವೆಂದಲ್ಲ. ಅಯೋಡಿನ್ ಕಡಿಮೆಯಿರುವ ಕಡೆ ದಿನಾ ಸಜ್ಜೆಯನ್ನೇ ನಂಬಿದವರಿಗೆ ಗಳಗಂಡ ಬರುವುದುಂಟು. ಆದರೆ ಮನೆಯಲ್ಲಿ ಅಯೋಡಿನ್ ಉಪ್ಪು ಬಳಸುತ್ತೀರಲ್ಲ? ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹೆದರಬೇಡಿ. ಅದನ್ನು ಬಿಟ್ಟರೆ ಗುಳಿಗೆ ಬೇಡ ಅನ್ನುವುದು ಮಾತ್ರ ಸುಮ್ನೆ ಮಾತು.

ಗುಳಿಗೆ ಡಬ್ಬಿ ಎಲ್ಲಿಟ್ಟಿದ್ದೀರಿ? ಅಕ್ಕ ಒಲೆ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಬಿಸಿಗೆ, ತೇವಕ್ಕೆ ಈ ಗುಳಿಗೆ ಕೆಡುತ್ತದೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿದ್ದರೆ ನಾಲ್ಕು ತಾಸು ಬಿಟ್ಟು ತಗೊಳ್ಳಿ.

ಇನ್ನು ಮಂಡಾಳ ಒಗ್ಗರಣೆ. ಧಾರಾಳವಾಗಿ ತಿನ್ನಿ, ಮಿರ್ಚಿ ಜೊತೆಗೇ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಗುಳಿಗೆ ನುಂಗಿ ಒಂದು ತಾಸು ಕಳೆದಿರಲಿ. ಚಹಾ ಕೂಡ ಆಮೇಲೆಯೇ.