ಗುಟ್ಟು ಊರಿನದಿರಲಿ, ಗಾಡಿಯದು ಬೇಡ

(31 ವರ್ಷ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು ಓದುಗರ ಪ್ರಯಾಣದ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ನಮ್ಮ ಯಜಮಾನರ 50ನೇ ಹುಟ್ಟುಹಬ್ಬಕ್ಕೆ ಅವರಿಗೆ ಗೊತ್ತಾಗದ ಹಾಗೆ ಎರಡು ದಿನದ ಪ್ರವಾಸ ಇಟ್ಟುಕೊಂಡಿದ್ದೆ. ‘ಬಟ್ಟೆ ತುಂಬಿಕೊಳ್ಳಿ, ಎಲ್ಲಿಗೆ ಅಂತ ಕೇಳಬೇಡಿ’ ಅಂದೆ. ಸಂಜೆ 5ಕ್ಕೆ ಇಳಿದು, 6ಕ್ಕೆ ದೋಣಿ ಹತ್ತಿ, ಸೂರ್ಯ ಮುಳುಗುವ ಹೊತ್ತಿಗೆ ಶುಭಾಶಯ ಹೇಳುವುದು ನನ್ನ ಲೆಕ್ಕ. ಗಾಡಿ ಹೊರಡುವಾಗಲೇ 40 ನಿಮಿಷ ತಡ. ನಡುದಾರಿಯಲ್ಲಿ, ಪ್ಲಾಟ್‌ಫಾರ್ಮೂ ಇಲ್ಲದ ಕಡೆ, ಒಂದೂವರೆ ಗಂಟೆ ನಿಂತಿತು. ನಾನು ಪದೇ ಪದೇ ಗಡಿಯಾರ ನೋಡುವುದನ್ನು ಕಂಡು ಅವರು, ‘ನನ್ನ ಜೊತೆ ಕೂತಿರೋದು ಅಷ್ಟು ಬೇಜಾರಾ?’ ಅಂದರು. ಇಳಿದಾಗ ರಾತ್ರಿ 8:20. ದೋಣಿಯವನು ಮನೆಗೆ ಹೋಗಿಬಿಟ್ಟಿದ್ದ. ನನಗೆ ಅಳು, ಅವರಿಗೆ ಸಿಟ್ಟು. ಕಾರಣವೇ ಇಲ್ಲದೆ ಗಾಡಿ ಯಾಕೆ ಹಾಗೆ ನಿಲ್ಲುತ್ತದೆ? ಮುಂದಿನ ವರ್ಷ ಈ ಗುಟ್ಟಿನ ಹುಚ್ಚು ಬಿಟ್ಟುಬಿಡಲೇ?

ಉತ್ತರ: ತಂಗೀ, ಕಾರಣವಿಲ್ಲದೆ ಯಾವ ಗಾಡಿಯೂ ನಿಲ್ಲುವುದಿಲ್ಲ. ಕಾರಣವನ್ನು ನಿಮಗೆ ಯಾರೂ ಹೇಳಲಿಲ್ಲ, ಅಷ್ಟೇ. ಆ ತಪ್ಪು ನನ್ನಂಥವರದು. ಪ್ರಯಾಣಿಕರು ಕಿಟಕಿಗೆ ಬಂದು ಕೇಳಿದಾಗಲೆಲ್ಲ ‘ಇನ್ನು ಹತ್ತೇ ನಿಮಿಷ’ ಎಂದು ನಾನೂ ಎಷ್ಟೋ ಸಲ ಸುಳ್ಳು ಹೇಳಿದ್ದೇನೆ. ಹತ್ತು ನಿಮಿಷ ಮುಗಿದ ಮೇಲೆ ಅವರ ಮುಖ ನೋಡಲಾಗದೆ ರಿಜಿಸ್ಟರಿನಲ್ಲಿ ತಲೆ ಹುದುಗಿಸಿ ಕೂತಿದ್ದೂ ಉಂಟು.

ಮೊದಲಿನ 40 ನಿಮಿಷ ಬಹುಶಃ ಹಿಂದಿನ ಓಟದ ಸಾಲ. ನಿಮ್ಮನ್ನು ಕರೆದೊಯ್ಯುವ ರೇಕು, ಅಂದರೆ ಬೋಗಿಗಳ ಸಾಲು, ಅದಕ್ಕೂ ಮುಂಚೆ ಬೇರೆಲ್ಲಿಂದಲೋ ಓಡಿ ಬಂದಿರುತ್ತದೆ. ಅದು ತಡವಾಗಿ ಬಂದರೂ ಕಸ ಗುಡಿಸಬೇಕು, ನೀರು ತುಂಬಬೇಕು, ಬ್ರೇಕ್ ಪರೀಕ್ಷೆ ಆಗಬೇಕು. ಇಷ್ಟಾದರೆ ಚಿಂತೆಯಿರಲಿಲ್ಲ. ಆದರೆ ಗಾಡಿಗೆ ಹಳಿಯ ಮೇಲೆ ಇಂತಿಷ್ಟು ಹೊತ್ತಿಗೆ ಇಲ್ಲಿರಬೇಕು ಎಂಬ ಸರದಿಯಿದೆ. ಅದು ತಪ್ಪಿತೋ, ಸಮಯಕ್ಕೆ ಸರಿಯಾಗಿ ಓಡುತ್ತಿರುವ ಗಾಡಿಯನ್ನು ತಡವಾದದ್ದಕ್ಕೋಸ್ಕರ ನಿಲ್ಲಿಸಲು ಕಂಟ್ರೋಲಿನವರು, ಅಂದರೆ ಗಾಡಿಗಳ ಓಡಾಟ ನಿಯಂತ್ರಿಸುವವರು, ಸುಲಭಕ್ಕೆ ಒಪ್ಪುವುದಿಲ್ಲ. ಒಂಟಿ ಹಳಿಯಾದರಂತೂ ಎದುರಿನ ಗಾಡಿ ಪೂರ್ತಿ ಬಂದು ಲೂಪಿಗೆ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಗೆ, ಸೇರುವ ತನಕ ನೀವು ಕದಲುವಂತಿಲ್ಲ. ಹೀಗೆ 40 ನಿಮಿಷ ಮರಿ ಹಾಕುತ್ತಾ ಹೋಗುತ್ತದೆ. ನಿಮ್ಮದು ಮೂರು ಗಂಟೆ ಇಪ್ಪತ್ತು ನಿಮಿಷ ಆದದ್ದು ನನಗೇನೂ ಆಶ್ಚರ್ಯವಲ್ಲ.

ಪ್ಲಾಟ್‌ಫಾರ್ಮ್ ಇಲ್ಲದ ಕಡೆ ನಿಂತದ್ದೂ ಮುಂದೆ ಹೋಗಲು ಸಿಗ್ನಲ್ ಸಿಗದ್ದಕ್ಕೇ ಇರಬೇಕು. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ ಒಂದು ತುಂಡಿನಲ್ಲಿ ಒಂದೇ ಗಾಡಿ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಉಕ್ಕಿನ ಮೇಲೆ ಉಕ್ಕು ಜಾರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಡಿಗೆ ಬ್ರೇಕ್ ಹಾಕಿದರೆ ನಿಲ್ಲಲು ಕಿಲೋಮೀಟರಿನ ಆಸುಪಾಸು ಬೇಕಾಗಬಹುದು. ಮುಂದಿನ ಗಾಡಿ ಕಣ್ಣಿಗೆ ಬಿದ್ದ ಮೇಲೆ ನಿಲ್ಲಿಸೋಣ ಅಂದರೆ ಕಥೆ ಮುಗಿದ ಹಾಗೇ. ಬಿಸಿಲಿನ ದಿನವಾಗಿದ್ದರೆ ಇನ್ನೊಂದು ಕಾಟ: ಹಳಿಯ ಕಾವು 30 ಡಿಗ್ರಿಯಷ್ಟು ಹೆಚ್ಚಿದರೆ ಒಂದು ಕಿ.ಮೀ. ಹಳಿ ಸುಮಾರು 36 ಸೆಂ.ಮೀ. ಉದ್ದವಾಗಲು ಹವಣಿಸುತ್ತದೆ. ಅದನ್ನು ಬಿಗಿದು ಹಿಡಿದಿರುವುದರಿಂದ ಸೊಟ್ಟಗಾಗುವ ಭಯ. ಅಲ್ಲಿ ನಿಧಾನವಾಗಿಯೇ ಹೋಗಬೇಕು.

ಜಪಾನಿನಲ್ಲಿ ಗಾಡಿ ಕೆಲವೇ ನಿಮಿಷ ತಡವಾದರೂ ಕಚೇರಿಗೆ ತೋರಿಸಲೆಂದು ಚೀಟಿ ಕೊಡುತ್ತಾರೆ. ನಿಮ್ಮ ಯಜಮಾನರಿಗೆ ತೋರಿಸಲು ಅಂಥದ್ದೊಂದು ನಾನೇ ಬರೆದು ಕೊಡುತ್ತಿದ್ದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಗುಟ್ಟು ಬಿಡಬೇಡಿ. ಆದರೆ ಯಾವುದು ಗುಟ್ಟು ಅನ್ನುವುದನ್ನು ಸ್ವಲ್ಪ ಬದಲಾಯಿಸಿ. ಊರು ಗುಟ್ಟಾಗಿರಲಿ, ದೋಣಿಯೂ ಗುಟ್ಟಾಗಿರಲಿ. ಹೊತ್ತು ಮಾತ್ರ ಬೇಡ. ‘ಸಂಜೆ ಆರಕ್ಕೆ ಒಂದು ಕಡೆ ಇರಬೇಕು, ಏನು ಅಂತ ಹೇಳಲ್ಲ’ ಅಂದಿದ್ದರೆ ಅವರೂ ನಿಮ್ಮ ಜೊತೆ ಗಡಿಯಾರ ನೋಡುತ್ತಿದ್ದರು. ಹೇಳದೆ ನೋಡಿದ್ದರಿಂದಲ್ಲವೇ ಬೇಜಾರಿನ ಮಾತು ಬಂದದ್ದು? ಒಂದೂವರೆ ಗಂಟೆ ನೀವು ಒಬ್ಬರೇ ಹೊತ್ತಿರಿ, ಪಕ್ಕದಲ್ಲಿದ್ದವರಿಗೆ ಏನು ಭಾರ ಅಂತಲೇ ತಿಳಿಯಲಿಲ್ಲ. ಹುಟ್ಟುಹಬ್ಬ ಅವರದು, ಅವರು ಕೂತಿದ್ದು ಮಾತ್ರ ಅಪರಾಧಿಯ ಹಾಗೆ.

ಎರಡನೆಯದು, ಇಳಿಯುವ ದಿನವೇ ಯಾವುದನ್ನೂ ಗೊತ್ತು ಮಾಡಬೇಡಿ. ಹಿಂದಿನ ದಿನವೇ ಹೋಗಿ ಮಲಗಿ. ಆಗದಿದ್ದರೆ ಬೆಳಗ್ಗೆ ಬೇಗ ಹೊರಡುವ ಗಾಡಿ ಹಿಡಿಯಿರಿ. ತಡ ಅನ್ನುವುದು ದಿನ ಏರಿದಂತೆ ಪೇರಿಸಿಕೊಳ್ಳುವ ವಸ್ತು. ನಿಮ್ಮ ಸ್ಟೇಷನ್ನಿನಿಂದಲೇ ಹೊರಡುವ ಗಾಡಿ ಸಿಕ್ಕರೆ ಇನ್ನೂ ಒಳ್ಳೆಯದು. ದೋಣಿಯವನ ನಂಬರು ಕೈಯಲ್ಲಿರಲಿ, ಗಾಡಿ ನಿಂತ ಅರ್ಧ ಗಂಟೆಗೇ ಫೋನ್ ಮಾಡಿ. ವೇಳಾಪಟ್ಟಿಯಲ್ಲಿ ಕೊನೆಯ ಸ್ಟೇಷನ್ನಿಗೆ ಮುಂಚೆ ಒಂದಿಷ್ಟು ಸಮಯ ಹೆಚ್ಚಿಗೆ ಇಡುವ ರೂಢಿಯಿದೆ, ತಡ ತುಂಬಿಕೊಳ್ಳಲಿ ಅಂತ. ಆ ಲಾಭ ಕೊನೆಯವರೆಗೆ ಹೋಗುವವರಿಗೆ. ನಡುವೆ ಇಳಿಯುವವರು ಅದನ್ನು ನೆಚ್ಚಿಕೊಳ್ಳಬಾರದು.

ನಿಮ್ಮ ಪತ್ರ ಓದಿ ಒಂದು ನೆನಪಾಯಿತು. ಒಂದು ರಾತ್ರಿ ಗಾಡಿ ಎರಡು ಗಂಟೆ ತಡ. ಒಬ್ಬ ಹೆಂಗಸು ನನ್ನ ಕೋಣೆಗೆ ಬಂದು ಬಾಗಿಲು ಅರ್ಧ ಮುಚ್ಚಿ, ಪಿಸುಗುಟ್ಟಿದರು: ‘ಸರ್, ಎಷ್ಟು ತಡ ಅಂತ ಮೈಕಿನಲ್ಲಿ ಹೇಳಿ. ಗಾಡಿ ಯಾವ ಊರಿಗೆ ಹೋಗುತ್ತೆ ಅಂತ ಮಾತ್ರ ಹೇಳಬೇಡಿ. ನಮ್ಮವರಿಗೆ ಗೊತ್ತಾಗಿಬಿಡುತ್ತೆ, ನಾಳೆ ಅವರ ಹುಟ್ಟಿದ ದಿನ.’ ಗೇಣುದ್ದದ ಅಕ್ಷರದಲ್ಲಿ ಊರಿನ ಹೆಸರು ಬೋಗಿಬೋಗಿಗೂ ನೇತಾಡುತ್ತದಮ್ಮ ಅನ್ನಲು ಬಾಯಿ ಬರಲಿಲ್ಲ. ಅವತ್ತು ಬರೀ ಗಾಡಿಯ ನಂಬರು ಹೇಳಿ ಮುಗಿಸಿದೆ.

ಸ್ವಲ್ಪ ಹೊತ್ತಿಗೆ ಆ ಮನುಷ್ಯ ಒಬ್ಬರೇ ಬಂದರು. ಊರಿನ ಹೆಸರು ಸರಿಯಾಗಿ ಹೇಳಿ, ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಅಂತ ಕೇಳಿದರು. ನಾನು ಬಾಯಿಬಿಟ್ಟು ನೋಡುತ್ತಿದ್ದೆ. ‘ಮೂರು ದಿನದಿಂದ ಗೊತ್ತು ಸರ್. ನಾನು ಬಂದು ಕೇಳಿದ್ದು ಅವಳಿಗೆ ಹೇಳಬೇಡಿ’ ಅಂದು, ಏನೂ ತಿಳಿಯದವರ ಮುಖ ಮಾಡಿಕೊಂಡು ಬೆಂಚಿಗೆ ಹಿಂತಿರುಗಿದರು.