ಅತ್ತೆಗೆ ಲಾಲ್‌ಬಾಗ್ ಯಾಕೆ ಬೇಡ?

ಪ್ರಶ್ನೆ: ನಮ್ಮತ್ತೆಗೆ 74 ವರ್ಷ. ಸಾಗರದ ಹತ್ತಿರದ ಹಳ್ಳಿಯವರು. ಹೋದ ವರ್ಷ ಮಾವ ತೀರಿಕೊಂಡ ಮೇಲೆ, ಒಬ್ಬರೇ ಇರೋದು ಬೇಡ ಅಂತ ಬೆಂಗಳೂರಿಗೆ ಕರೆದುಕೊಂಡು ಬಂದೆವು. ನಮ್ಮದು ಏಳನೇ ಮಹಡಿಯ ಫ್ಲ್ಯಾಟ್. ಅತ್ತೆ ದಿನವಿಡೀ ಟಿವಿ ಮುಂದೆ ಕೂತಿರುತ್ತಾರೆ. ಮಧ್ಯಾಹ್ನ ನಿದ್ದೆ, ರಾತ್ರಿ ಎರಡು ಗಂಟೆಗೆ ಎದ್ದು ಓಡಾಟ. ಡಾಕ್ಟರು ರಿಪೋರ್ಟ್ ಎಲ್ಲಾ ನೋಡಿ, ತೊಂದರೆ ಏನಿಲ್ಲ, ಗಿಡಮರದ ನಡುವೆ ಓಡಾಡಿಸಿ ಎಂದರು. ಪ್ರತಿ ಭಾನುವಾರ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುತ್ತೇವೆ. ಹತ್ತು ನಿಮಿಷಕ್ಕೇ "ನೋಡಿದ್ದಾಯ್ತಲ್ಲ, ಮನೆಗೆ ಹೋಗಣ" ಅಂತಾರೆ. ಊರಲ್ಲಿ ಹಿತ್ತಲು ಬಿಟ್ಟು ಒಳಗೆ ಬರುತ್ತಿರಲಿಲ್ಲ. ಇಲ್ಲಿ ಯಾಕೆ ಹೀಗೆ?
— ಹೆಸರು ಬೇಡ, ಬೆಂಗಳೂರು

ಉತ್ತರ: ಹಿತ್ತಲಿನ ಮಾತು ಬರೆದಿರಲ್ಲ ತಂಗಿ, ಉತ್ತರ ಅಲ್ಲೇ ಇದೆ. ಲಾಲ್‌ಬಾಗ್ 240 ಎಕರೆ. ಅಷ್ಟರಲ್ಲಿ ನಿಮ್ಮತ್ತೆ ಕೈ ಹಾಕಬಹುದಾದ ಒಂದು ಗೇಣು ಮಣ್ಣಿಲ್ಲ. ಹೂವು ಮುಟ್ಟುವಂತಿಲ್ಲ, ಕಳೆ ಕಂಡರೂ ಕೀಳುವಂತಿಲ್ಲ. ಹಿತ್ತಲಲ್ಲಿ ಅವರು ಗಿಡ ನೋಡುತ್ತಾ ಕೂತಿದ್ದರಾ? ಬಸಳೆ ಚಪ್ಪರ ಸರಿ ಮಾಡುತ್ತಿದ್ದರು. ತಂಬುಳಿಗೆ ಒಂದೆಲಗ ಕೊಯ್ಯುತ್ತಿದ್ದರು. ಮಳೆ ಹಿಡಿಯುವ ಹೊತ್ತಿಗೆ ಡೇರೆ (ಡೇಲಿಯಾ ಹೂವು) ಗಡ್ಡೆ ನೆಟ್ಟು, ಪಕ್ಕದ ಮನೆಯ ಬಣ್ಣ ನಮ್ಮಲ್ಲಿಲ್ವಲ್ಲ ಅಂತ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. (ಈ ಡೇರೆ ಪೈಪೋಟಿ ನನಗೆ ಚೆನ್ನಾಗಿ ಗೊತ್ತು. ನಾನು ತೀರ್ಥಹಳ್ಳಿ ಕಡೆಯವಳು.) ಅಲ್ಲಿ ಅವರು ಯಜಮಾನ್ತಿ. ಲಾಲ್‌ಬಾಗ್‌ನಲ್ಲಿ ನೆಂಟರು.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. 34 ವರ್ಷ ನರ್ಸ್ ಆಗಿದ್ದವಳಿಗೆ ವಯಸ್ಸಾದವರ ವಿಷಯ ಎಲ್ಲಾ ಗೊತ್ತು ಅನ್ನುವ ಜಂಬ ಬೇರೆ. ನಮ್ಮ ಮಾವ 81ನೇ ವಯಸ್ಸಿನಲ್ಲಿ ಮೈಸೂರಿನ ನಮ್ಮ ಮನೆಗೆ ಬಂದರು. ತಾರಸಿಯಲ್ಲಿ 14 ಕುಂಡಗಳಿದ್ದವು. ಚೊಂಬು ಹಿಡಿದು ಒಂದೊಂದಕ್ಕೂ ನೀರು ಹಾಕಿ ಬರಲು ಅವರಿಗೆ ಒಂದೂವರೆ ಗಂಟೆ ಬೇಕು. ಬಗ್ಗುವಾಗ ಬಿದ್ದುಗಿದ್ದಾರು ಅಂತ ನಾನು ಡ್ರಿಪ್ ಪೈಪ್ ಹಾಕಿಸಿದೆ. ಗಿಡಗಳು ಸೊಂಪಾಗಿ ಬಂದವು. ಮಾವ ಮಾತ್ರ ಹದಿನೈದು ದಿನದಲ್ಲಿ ತಾರಸಿ ಹತ್ತುವುದನ್ನೇ ಬಿಟ್ಟರು. ಯಾಕೆ ಅಂದರೆ, "ಅಲ್ಲಿ ನಂದೇನಿದೆ ಕೆಲ್ಸ?" ಮಾರನೇ ದಿನವೇ ಪೈಪ್ ಕಿತ್ತು ಅಟ್ಟಕ್ಕೆ ಹಾಕಿದೆ.

ಆಮೇಲೆ ಓದಿದ್ದು ಇದು. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಮನೆಯಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬಿಬ್ಬರು ಒಂದು ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ, ಬೇಕಾದ ಗಿಡ ಆರಿಸಿಕೊಳ್ಳಿ, ನೋಡಿಕೊಳ್ಳುವುದು ನಿಮ್ಮದೇ ಜವಾಬ್ದಾರಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳು. ಮೂರು ವಾರದಲ್ಲಿ, ಗಿಡದ ಜವಾಬ್ದಾರಿ ಹೊತ್ತ ಮಹಡಿಯವರೇ ಜಾಸ್ತಿ ಚುರುಕಾಗಿದ್ದರು, ಖುಷಿಯಾಗಿದ್ದರು. ಪೂರ್ತಿ ಪುಣ್ಯ ಗಿಡದ್ದೇ ಅಲ್ಲ. ಕೋಣೆ ಹೇಗಿರಬೇಕು, ಸಿನಿಮಾ ಯಾವ ದಿನ ನೋಡಬೇಕು ಎನ್ನುವುದನ್ನೂ ಅವರಿಗೇ ಬಿಟ್ಟಿದ್ದರು. ನಮ್ಮ ಮಾವನ ಚೊಂಬಿನ ಕತೆಯೂ ಇದೇ ಅಲ್ವಾ?

ಹಾಗಾಗಿ ನರ್ಸರಿಗೆ ಹೋಗಿ ಹೂಕುಂಡ ತಂದು ಸಾಲಾಗಿ ಇಟ್ಟು, "ಅತ್ತೆ, ನೋಡಿ" ಅನ್ನಬೇಡಿ. ಖಾಲಿ ಕುಂಡ, ಮಣ್ಣು, ಗೊಬ್ಬರ ತಂದಿಟ್ಟು ಸುಮ್ನೆ ಇರಿ. ಊರಿಂದ ಯಾರಾದರೂ ಬರುವಾಗ ಬಸಳೆ ಕಡ್ಡಿ, ದೊಡ್ಡಪತ್ರೆ, ಒಂದೆಲಗ, ನಾಲ್ಕು ಡೇರೆ ಗಡ್ಡೆ ತರಿಸಿ. ಎಲ್ಲಿ ನೆಡಬೇಕು ಎಂಬುದನ್ನು ಅವರನ್ನೇ ಕೇಳಿ. ನಿಮಗೆ ಗೊತ್ತಿದ್ದರೂ ಕೇಳಿ. ಬಿಸಿಲು ಕಡಿಮೆ ಇರುವ ಬಾಲ್ಕನಿಯಾದರೆ ಡೇರೆ ಚೆನ್ನಾಗಿ ಬಿಡುವುದಿಲ್ಲ, ಒಂದೆಲಗ ಬರುತ್ತದೆ.

ಕುಂಡಗಳನ್ನು ನೆಲದ ಮೇಲಿಡಬೇಡಿ. ಅಲುಗಾಡದ ಗಟ್ಟಿ ಬೆಂಚಿನ ಮೇಲೆ, ಸೊಂಟದೆತ್ತರಕ್ಕೆ ಇರಲಿ. ಆದರೆ ಬಾಲ್ಕನಿಯ ಕಟಕಟೆಗೆ ತಾಗಿಸಿ ಬೇಡ, ಏಳನೇ ಮಹಡಿ ಅದು. ಪಕ್ಕದಲ್ಲಿ ಕೈ ಇರುವ ಕುರ್ಚಿ. ಬಕೆಟ್ ಬೇಡ, ಚೊಂಬು ಸಾಕು. ಚೆಲ್ಲಿದ ನೀರನ್ನು ಆಗಲೇ ಒರೆಸಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಲ್ಲಾ ಮುಗಿದ ಹಾಗೆ ಆಗುವುದನ್ನು ವಾರ್ಡ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಡೆಂಗಿ ಸೊಳ್ಳೆಗೆ ಅಷ್ಟು ನೀರು ಧಾರಾಳವಾಯಿತು.

ರಾತ್ರಿ ಓಡಾಟದ ವಿಷಯ. ನಮ್ಮ ಮೈಯ ಗಡಿಯಾರಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ಮನೆಯೊಳಗಿನ ದೀಪದ ಬೆಳಕು ಹೆಚ್ಚೆಂದರೆ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ). ಹೊರಗೆ, ಮೋಡ ಕವಿದ ದಿನವೂ ಸಾವಿರಗಟ್ಟಲೆ. ಟಿವಿ ಮುಂದೆ ಕೂತವರಿಗೆ ಹಗಲು ಯಾವುದು, ರಾತ್ರಿ ಯಾವುದು ಅಂತ ಮೈಗೆ ಸರಿಯಾಗಿ ಗೊತ್ತಾಗುವುದಿಲ್ಲ. ಬೆಳಗಿನ ಕಾಫಿ ಬಾಲ್ಕನಿಯಲ್ಲೇ ಕೊಡಿ. ಗಾಜು ಸರಿಸಿ ಕೂರಿಸಿ. ಗಾಜಿನ ಹಿಂದೆ ಕೂತರೆ ವಿಟಮಿನ್ ಡಿ ತಯಾರಾಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಿಸಿ. ಬೈಸಿಕೊಳ್ಳಲು ತಯಾರಾಗಿರಿ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಐವತ್ತು ವರ್ಷ ಜೊತೆಗಿದ್ದವರು ಹೋಗಿ ಇನ್ನೂ ವರ್ಷವಾಗಿದೆ ಅಷ್ಟೆ. ಊಟ ಬಿಟ್ಟರೆ, ತೂಕ ಇಳಿದರೆ, ಇನ್ನು ಇದ್ದು ಏನು ಮಾಡಲಿ ಎಂದರೆ ಬಸಳೆ ಚಿಗುರಲಿ ಅಂತ ಕಾಯಬೇಡಿ. ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮ ತಂದೆ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಹೊರಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಮನೆ ಹಿಂದೆ ದೊಡ್ಡ ಬೇವಿನ ಮರವಿದೆ. ಇಂಥವರಿಗೆ ಇದರಿಂದೇನಾದರೂ ಉಪಯೋಗ ಇದೆಯಾ?
— ಓದುಗರು, ಹುಬ್ಬಳ್ಳಿ

ಉತ್ತರ: ಇದೆ. ರೋಜರ್ ಉಲ್ರಿಕ್ ಎನ್ನುವವರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿ 1984ರಲ್ಲಿ ಬರೆದರು. ಅರ್ಧದಷ್ಟು ಜನರ ಕಿಟಕಿಗೆ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು. ಪೂರ್ತಿ ಒಂದು ದಿನವೂ ಅಲ್ಲ ಅನ್ನಿ. ಆದರೆ ನೋವಿನ ಬಿರುಸಾದ ಔಷಧಿಗಳೂ ಅವರಿಗೆ ಕಡಿಮೆ ಸಾಕಾದವು. ಅವರೆಲ್ಲ ನಿಮ್ಮ ತಂದೆಯ ಹಾಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಲ್ಲ. ಆದರೂ ನಾನಾಗಿದ್ದರೆ ಇವತ್ತೇ ಮಂಚ ತಿರುಗಿಸುತ್ತಿದ್ದೆ. ತಲೆದಿಂಬಿನ ಮೇಲೆ ನೀವೇ ಒಮ್ಮೆ ತಲೆಯಿಟ್ಟು ಮಲಗಿ, ಬೇವು ಕಾಣುತ್ತದಾ ನೋಡಿ. ನಿಂತವರಿಗೆ ಕಾಣುವುದು ಮಲಗಿದವರಿಗೆ ಕಾಣುವುದಿಲ್ಲ. ಕಿಟಕಿಯ ಹೊರಗೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರು, ಹಿಡಿ ಜೋಳ ಇಡಿ, ಅಳಿಲು ಬರುತ್ತದೆ. ನೀರು ದಿನಾ ಬದಲಿಸಿ.

ಮಂಚ ತಿರುಗಿಸಲು ಇಬ್ಬರಾದರೂ ಬೇಕು. ಅಪ್ಪನನ್ನು ಅದರ ಮೇಲೆ ಮಲಗಿಸಿಕೊಂಡೇ ಎಳೆಯಬೇಡಿ.